ತವರಿಗೆ ಹೊರಟ ಹಲ್ಲು

ನಕ್ಕರೆ ಸಾಕು, ನನ್ನ ಬಲಗೈ ನನ್ನನ್ನು ಕೇಳದೆಯೇ ಎದ್ದು ಬಂದು ಬಾಯಿಗೆ ಅಡ್ಡ ನಿಲ್ಲುತ್ತದೆ. ನೋಡಿದವರು ಇದನ್ನು ನಾಚಿಕೆ ಎಂದುಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದಿದ್ದ ನಮ್ಮ ಅತ್ತೆಯವರಂತೂ, ಹುಡುಗಿ ಎಷ್ಟು ನಯನಾಜೂಕು ಎಂದು ಅಲ್ಲೇ ಒಪ್ಪಿಕೊಂಡುಬಿಟ್ಟರಂತೆ. ಕೈಯ ಹಿಂದೆ ಏನಿದೆ ಎಂದು ಅವರಿಗೆ ಗೊತ್ತಾಗುವಷ್ಟರಲ್ಲಿ ಅಕ್ಷತೆ ಬಿದ್ದಾಗಿತ್ತು. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನ್ನದು ಉಬ್ಬು ಹಲ್ಲು. ಮುಂದಿನ ಎರಡು ಹಲ್ಲುಗಳು ನನಗಿಂತ ಮೊದಲೇ ಊರು ಸೇರುವ ಆತುರದಲ್ಲಿ ಮುಂದಕ್ಕೆ ಬಾಗಿದ್ದವು. ನಡುವೆ ಒಂದು ಸಂದು ಬೇರೆ.

ಅದು ನಾನು ಸಂಪಾದಿಸಿದ್ದಲ್ಲ, ಅಪ್ಪನಿಂದ ಬಂದದ್ದು. ಅಪ್ಪ ಹರಿಹರಕ್ಕೂ ದಾವಣಗೆರೆಗೂ ನಡುವೆ ಓಡುತ್ತಿದ್ದ ಖಾಸಗಿ ಬಸ್ಸಿನ ಕಂಡಕ್ಟರ್ ಈರಪ್ಪ. ಬೇರೆ ಕಂಡಕ್ಟರುಗಳ ಹಾಗೆ ಅವರು ಪೀಪಿ ಇಟ್ಟುಕೊಂಡವರಲ್ಲ. ಆ ಸಂದಿಗೆ ನಾಲಿಗೆಯ ತುದಿ ಒತ್ತಿ ಒಂದು ಸೀಟಿ ಹಾಕಿದರೆ ಬಸ್ಸು ನಿಲ್ಲುತ್ತಿತ್ತು, ಜೋಡಿ ಸೀಟಿ ಹಾಕಿದರೆ ಹೊರಡುತ್ತಿತ್ತು. ಹಲ್ಲು ಅಕ್ಕ ಗಿರಿಜಕ್ಕನಿಗೂ ಬಂತು, ನನಗೂ ಬಂತು. ಸೀಟಿ ಮಾತ್ರ ನನಗೊಬ್ಬಳಿಗೇ ಬಂತು; ಅಕ್ಕ ಪ್ರಯತ್ನಿಸಿದರೆ ಎದುರಿಗಿದ್ದವರು ಮುಖ ಒರೆಸಿಕೊಳ್ಳಬೇಕಾಗುತ್ತಿತ್ತು. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ಹರಿಹರದ ಬಸ್ಸು ಹತ್ತಿದರೆ ಯಾರಾದರೂ ನನ್ನ ಬಾಯಿ ನೋಡಿ, ನೀನು ಈರಪ್ಪನ ಮಗಳಲ್ಲವೇನು ಎನ್ನುತ್ತಿದ್ದರು. ಅದರಲ್ಲೂ ಹಾಲಮ್ಮ. ಈಕೆ ದಾರಿಯ ನಡುವಿನ ಬಾತಿಯಿಂದ ಹರಿಹರದ ಸಂತೆಗೆ ಸೊಪ್ಪು ತಂದು ಮಾರಿ ಸಂಜೆ ಖಾಲಿ ಬುಟ್ಟಿಯೊಂದಿಗೆ ಮರಳುವ ಮುದುಕಿ. ಸೆರಗಿನಿಂದ ಸೀಟು ಒರೆಸಿ, ಸರಿದು ಜಾಗ ಕೊಡುತ್ತಿದ್ದಳು.

ಆದರೆ ಸೀಟು ಸಿಗುತ್ತದೆಂದು ಹಲ್ಲನ್ನು ಮೆಚ್ಚಿಕೊಳ್ಳಲಾದೀತೆ? ಕವಿಗಳನ್ನು ಕೇಳಿದರೆ ಹೆಂಗಸಿನ ಹಲ್ಲು ದಾಳಿಂಬೆಯ ಬೀಜದಂತಿರಬೇಕು, ಇಲ್ಲವೇ ಮಲ್ಲಿಗೆಯ ಮೊಗ್ಗಿನಂತಿರಬೇಕು. ಕುಂಬಳದ ಬೀಜವನ್ನು ಯಾರೂ ಹಾಡಿದ್ದು ನಾನು ಕಾಣೆ. ವಕ್ರದಂತವನ್ನು ಮೆರೆಸಿಕೊಂಡು ಎಲ್ಲರಿಗಿಂತ ಮೊದಲು ಪೂಜೆ ಮಾಡಿಸಿಕೊಳ್ಳುವ ಧೈರ್ಯ ಗಣಪತಿಗೆ ಮಾತ್ರ ಉಂಟು. ಅವನೂ ಒಂದನ್ನು ಮುರಿದುಕೊಂಡೇ ಆ ಪದವಿಗೆ ಬಂದವನು. ಇನ್ನು ನಮ್ಮ ಮಾತಿನಲ್ಲಿ ಹಲ್ಲಿಗೆ ಒಳ್ಳೆಯ ಹೆಸರೇ ಇಲ್ಲ. ಕಿರಿಯುವುದು, ಕಡಿಯುವುದು, ಮಸೆಯುವುದು, ಗಿಂಜುವುದು, ಎಲ್ಲವೂ ಅದರ ತಲೆಗೇ ಕಟ್ಟಿದ್ದು.

ನಾನು ಪ್ರೌಢಶಾಲೆಯ ಗಣಿತದ ಟೀಚರು. ಎರಡು ವರ್ಷದ ಹಿಂದಿನವರೆಗೆ ಈ ಲೆಕ್ಕವನ್ನು ಹಾಗೇ ಬಿಟ್ಟಿದ್ದೆ. ನಮ್ಮ ಹೆಡ್‌ಮಾಸ್ಟರ ನಿವೃತ್ತಿಯ ಗುಂಪು ಫೋಟೋ ದಿನ ಫೋಟೋಗ್ರಾಫರ್ ಎಲ್ಲರಿಗೂ ನಗಿರಿ ನಗಿರಿ ಎಂದು ಗೋಗರೆದ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, “ಮೇಡಂ, ನೀವು ಮಾತ್ರ ಚೂರು ಬಾಯಿ ಮುಚ್ಕೊಳ್ರಿ” ಎಂದ. ನನಗೆ ಅಳು ಬಂತು. ಐವತ್ತರ ಹತ್ತಿರ ಬಂದವಳಿಗೆ ಕೈ ಅಡ್ಡವಿಲ್ಲದೆ ಒಮ್ಮೆ ನಗುವ ಯೋಗವಿಲ್ಲವೇ ಎನ್ನಿಸಿತು. ಮನೆಗೆ ಬಂದು, ಹಲ್ಲಿಗೆ ಕ್ಲಿಪ್ ಹಾಕಿಸುತ್ತೇನೆ ಎಂದೆ. ಮಂಡಿಪೇಟೆಯಲ್ಲಿ ಬೇಳೆಕಾಳು ಮಾರುವ ನನ್ನ ಯಜಮಾನರು ತೊಗರಿಬೇಳೆ ಪರೀಕ್ಷಿಸುವವರಂತೆ ನನ್ನನ್ನು ನೋಡಿ, ನಾನು ನೋಡಿ ಒಪ್ಪಿ ಆಗಿದೆಯಲ್ಲ, ಇನ್ನು ಯಾರಿಗೆ ತೋರಿಸಬೇಕು ಎಂದರು.

ವಿನೋಬನಗರದ ದಂತವೈದ್ಯೆಯ ಬಾಗಿಲಲ್ಲಿ ಕುಳಿತ ಹುಡುಗಿ ಚೀಟಿ ಬರೆಯುತ್ತಾ, ಮಗಳನ್ನು ಕರೆತಂದಿಲ್ಲವೇ ಎಂದು ಕೇಳಿದಳು. ಪೇಷಂಟು ನಾನೇ ಎಂದಾಗ ಅವಳ ಪೆನ್ನು ನಿಂತಿತು. ಬೆಂಚಿನ ಮೇಲೆ ಯೂನಿಫಾರಂ ಮಕ್ಕಳ ಸಾಲು. ಅದರಲ್ಲಿ ನನ್ನ ತರಗತಿಯವಳೇ ಒಬ್ಬಳು, ಲೆಕ್ಕದಲ್ಲಿ ಸದಾ ಹಿಂದೆ ಇದ್ದವಳು, ಬಾಯ್ತುಂಬ ತಂತಿ ಹೊಳೆಸಿ ನನಗೆ ಧೈರ್ಯ ಹೇಳಿದಳು. ಡಾಕ್ಟರಮ್ಮನೂ ನನ್ನ ಶಿಷ್ಯೆಯರ ವಯಸ್ಸಿನವಳೇ. ಆಂಟಿ ಆಂಟಿ ಎನ್ನುತ್ತಲೇ ನನ್ನ ಬಾಯಿಗೆ ತಂತಿ ಬೇಲಿ ಹಾಕಿದಳು.

ಸುದ್ದಿ ಹರಿಹರ ಮುಟ್ಟಿತು. ಅಕ್ಕ ಫೋನು ಮಾಡಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಅಪ್ಪ ಹೋದ ಮ್ಯಾಲೆ ಹೊಲ ಹಂಚಿಕೊಂಡ್ವಿ, ಕೊಡಪಾನ ಹಂಚಿಕೊಂಡ್ವಿ. ಹಲ್ಲೊಂದು ಇಬ್ರಿಗೂ ಪೂರಾ ಸಿಕ್ಕಿತ್ತು. ಅದೂ ಬ್ಯಾಡಾತೇನು ನಿನಗ?” ಎಂದು ಫೋನಿಟ್ಟಳು. ಆಮೇಲೆ ಮಾತೇ ನಿಂತುಹೋಯಿತು.

ಮಾತು ಹೋದದ್ದು ಒಂದು ಕಡೆ, ಮಂಡಕ್ಕಿ ಹೋದದ್ದು ಇನ್ನೊಂದು ಕಡೆ. ದಾವಣಗೆರೆಯಲ್ಲಿದ್ದು ಸಂಜೆ ಮಂಡಕ್ಕಿ ಮಿರ್ಚಿ ತಿನ್ನದವರನ್ನು ಜನ ಕಾಯಿಲೆಯವರೆಂದೇ ತಿಳಿಯುತ್ತಾರೆ. ತಂತಿಯ ಸಂದಿಗೆ ಒಂದು ಮಂಡಕ್ಕಿ ಸಿಕ್ಕಿಕೊಂಡರೆ ಮರುದಿನದ ಪಾಠದ ನಡುವೆ ಹೊರಬರುತ್ತಿತ್ತು. ಬೆಣ್ಣೆದೋಸೆಯ ಮೆತ್ತನೆಯ ನಡು ನನಗೆ, ಗರಿಗರಿ ಅಂಚು ಯಜಮಾನರಿಗೆ ಎಂದು ಒಪ್ಪಂದವಾಯಿತು. ಈ ಒಪ್ಪಂದದ ಮೇಲೆ ಅವರಿಗೆ ನನ್ನ ಚಿಕಿತ್ಸೆಯ ಬಗ್ಗೆ ಗೌರವ ಹುಟ್ಟಿತು.

ಕೊನೆಗೊಂದು ದಿನ ತಂತಿ ಬಿಚ್ಚಿದರು. ಕನ್ನಡಿಯಲ್ಲಿ ಸಾಲಾಗಿ, ಪ್ರಾರ್ಥನೆಗೆ ನಿಂತ ಮಕ್ಕಳಂತೆ ನಿಂತ ಹಲ್ಲುಗಳು. ಸಂದು ಮಾಯ. ಖುಷಿಯಾಗಿ ನಕ್ಕೆ, ಹಾಳಾದ ಕೈ ಮತ್ತೆ ಅಡ್ಡ ಬಂತು. ಡಾಕ್ಟರಮ್ಮ ಬಾಯಿಯ ಮೇಲ್ಭಾಗಕ್ಕೆ ಹೊಂದುವ ಗುಲಾಬಿ ಬಣ್ಣದ ಒಂದು ಅಚ್ಚು ಕೊಟ್ಟು, ಊಟದ ಹೊತ್ತು ಬಿಟ್ಟು ಸದಾ ಹಾಕಿಕೊಂಡಿರಬೇಕು ಎಂದಳು. “ಹಲ್ಲುಗಳಿಗೆ ತಮ್ಮ ಹಳೇ ಜಾಗ ಮರೆಯಲ್ಲ ಆಂಟಿ. ಸ್ವಲ್ಪ ಬಿಟ್ರೂ ಹೊರಟೇಬಿಡ್ತವೆ.” ನನಗೆ ಹಲ್ಲಿನ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಪಾಪ, ಅವಕ್ಕೂ ಒಂದು ತವರಿದೆ.

ಹೊಸ ಬಾಯಿ ಹೊತ್ತು ಅಕ್ಕನನ್ನು ಒಲಿಸಿಕೊಳ್ಳಲು ಹರಿಹರಕ್ಕೆ ಹೊರಟೆ. ಬಾತಿಯಲ್ಲಿ ಹಾಲಮ್ಮ ಹತ್ತಿ, ಇಳಿದವರ ಸೀಟು ಹಿಡಿದು ಕೂತಳು. ಪಕ್ಕ ಹೋಗಿ ನಿಂತೆ, ನಕ್ಕೆ. ಸರಿಯಲಿಲ್ಲ. ನಾನು ಈರಪ್ಪನ ಮಗಳು ಎಂದೆ. “ಸುಳ್ಳು ಹೇಳಬ್ಯಾಡ ತಾಯಿ, ಈರಪ್ಪನ ಮಕ್ಕಳ ಹಲ್ಲು ನಾನು ನೋಡೀನಿ” ಎಂದು ಬುಟ್ಟಿಯನ್ನು ಇನ್ನೂ ಅಗಲಕ್ಕೆ ಇಟ್ಟುಕೊಂಡಳು. ಹರಿಹರದವರೆಗೂ ನಿಂತೇ ಹೋದೆ. ಕಾಲಿಗಿಂತ ಎದೆ ಹೆಚ್ಚು ನೋಯುತ್ತಿತ್ತು.

ಅಕ್ಕ ಬಾಗಿಲು ತೆಗೆದಳು, ಬಾ ಎನ್ನಲಿಲ್ಲ. ರಾತ್ರಿಯೆಲ್ಲ ಗೋಡೆಗೆ ಮುಖ ಮಾಡಿ ಮಲಗಿದಳು. ಬೆಳಿಗ್ಗೆ ಮಾತ್ರ ನೆಲದ ಮೇಲೆ ಪೇಪರು ಹಾಸಿ ಮಂಡಕ್ಕಿ ಸುರಿದಳು. ನಮ್ಮ ಕಡೆ ಅದೇ ಕ್ಷಮಾಪಣೆ, ಅದೇ ಕ್ಷಮೆ. ನಾನು ಅಚ್ಚು ತೆಗೆದು ಪೇಪರಿನ ಮೂಲೆಯಲ್ಲಿಟ್ಟು ಕುಳಿತೆ. ಎಷ್ಟು ಕಾಲದ ಹಸಿವೋ! ತಲೆ ಎತ್ತದೆ ತಿಂದೆ. ಅಷ್ಟರಲ್ಲಿ ಕಸದ ಗಾಡಿ ಹಾಡುತ್ತಾ ಬಂತು. ಅಕ್ಕ ಪೇಪರನ್ನು ಹಾಗೇ ಮುದ್ದೆ ಮಾಡಿ ಓಡಿಹೋಗಿ ಗಾಡಿಗೆ ಎಸೆದು ಬಂದಳು. ನಾನು ಕೈ ತೊಳೆದು ಬಂದು ಮೂಲೆ ಹುಡುಕುತ್ತೇನೆ, ಮೂಲೆಯೂ ಇಲ್ಲ, ಪೇಪರೂ ಇಲ್ಲ.

ಇಬ್ಬರೂ ಬೀದಿಗೆ ಬಿದ್ದೆವು. ಗಾಡಿ ತಿರುವಿನಲ್ಲಿತ್ತು. ಅಪ್ಪನನ್ನು ನೆನೆದು ಸೀಟಿ ಹಾಕಿದೆ. ಬರೀ ಗಾಳಿ ಬಂತು. ಮತ್ತೆ ಹಾಕಿದೆ, ಮತ್ತೂ ಗಾಳಿ. ಅಕ್ಕ ಓಡುತ್ತಲೇ, “ನಿಲ್ಲಿಸಪ್ಪೋ, ನನ್ನ ತಂಗಿ ಹಲ್ಲು ಐತೆ ಅದ್ರಾಗ!” ಎಂದು ಕೂಗಿದಳು. ಬೀದಿಯ ಬಾಗಿಲುಗಳೆಲ್ಲ ತೆರೆದವು. ಹಾಲು ತರಲು ಹೊರಟಿದ್ದವರೊಬ್ಬರು ನನ್ನ ಬಾಯಿಯೊಳಗೆ ಇಣುಕಿ, ಎಲ್ಲಾ ಅದಾವಲ್ರಿ ಎಂದು ಸಮಾಧಾನ ಹೇಳಿದರು. ಗಾಡಿಯವನಿಗೆ ಹಾಡಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ಗಾಡಿ ಹೊರಟೇಹೋಯಿತು. ಅಕ್ಕ ನಡುಬೀದಿಯಲ್ಲಿ ಸೊಂಟ ಹಿಡಿದುಕೊಂಡು ನಕ್ಕಳು. ಅಪ್ಪನ ಹಲ್ಲು ಪೂರಾ ಬಿಸಿಲಿಗೆ ಬಂತು. ಅವಳು ಎಂದೂ ಬಾಯಿಗೆ ಕೈ ಅಡ್ಡ ಹಿಡಿದವಳಲ್ಲ ಎಂಬುದನ್ನು ನಾನು ಆಗ ಗಮನಿಸಿದೆ. ನೋಡಿ ಹೊಟ್ಟೆಕಿಚ್ಚಾಯಿತು.

ಹೊಸ ಅಚ್ಚು ಮಾಡಿಸಲು ಕೂಡಲೇ ಹೋಗಬೇಕಿತ್ತು. ಪರೀಕ್ಷೆ, ಪತ್ರಿಕೆ ತಿದ್ದುವುದು, ಮನೆಗೆ ನೆಂಟರು. ಇವೆಲ್ಲ ಇದ್ದದ್ದೂ ನಿಜ, ಹೋಗಲು ಕಾಲು ಬಾರದ್ದೂ ನಿಜ. ಹೋಗುವಷ್ಟರಲ್ಲಿ ಒಂದು ಹಲ್ಲು ಚೂರು ಜರುಗಿ, ನಡುವೆ ನೂಲೆಳೆಯಷ್ಟು ಸಂದು ಬಿಟ್ಟಿತ್ತು. ವಾಪಸ್ ಎಳೆಯೋಣವೇ ಎಂದು ಡಾಕ್ಟರಮ್ಮ ಕೇಳಿದಳು. ಇರಲಿ ಬಿಡಮ್ಮ, ಅದರ ಪಾಡಿಗೆ ಅದು ಇರಲಿ, ಹೀಗೇ ಅಚ್ಚು ಮಾಡು ಎಂದೆ.

ಮೊನ್ನೆ ಮತ್ತೆ ಹರಿಹರಕ್ಕೆ ಹೋಗಿದ್ದೆ. ಸಂಜೆ ಅಕ್ಕ ಬಸ್ಸಿಗೆ ಹತ್ತಿಸಲು ಬಂದಳು. ಹೊರಡುವ ಮುಂಚೆ ಮಂಡಕ್ಕಿ ತಿಂದಿದ್ದರಿಂದ ಅಚ್ಚು ಪರ್ಸಿನ ಡಬ್ಬಿಯೊಳಗಿತ್ತು. ಬಸ್ಸು ತುಂಬಿತ್ತು, ಡ್ರೈವರ್ ಇಂಜಿನ್ ಚಾಲೂ ಮಾಡಿ ಕೂತಿದ್ದ, ಕಂಡಕ್ಟರ್ ಕೆಳಗೆ ಚಹಾ ಕುಡಿಯುತ್ತಿದ್ದ. ಹತ್ತಿ ಒಳಗೆ ನಿಂತಿದ್ದ ನಾನು ಹೊತ್ತು ಹೋಗದೆ ಸಂದಿಗೆ ನಾಲಿಗೆಯ ತುದಿ ಒತ್ತಿ ಮೆಲ್ಲಗೆ ಊದಿದೆ. ಮೆಲ್ಲಗೆ ಎಂದುಕೊಂಡದ್ದು ನಾನು. ಜೋಡಿ ಸೀಟಿ ಕಿವಿ ಸೀಳುವ ಹಾಗೆ ಹೊರಟಿತು, ಹಿಂದೆಯೇ ಬಸ್ಸೂ ಹೊರಟಿತು. ಕಂಡಕ್ಟರ್ ಚಹಾದ ಲೋಟ ಹಿಡಿದೇ ಓಡಿಬಂದ.

ಹಿಂದಿನ ಸೀಟಿನಿಂದ ಹಾಲಮ್ಮನ ದನಿ ಕೇಳಿಸಿತು. “ಅಯ್ಯ, ಈರಪ್ಪನ ಮಗಳು ಹತ್ಯಾಳ! ಬಾರವ್ವ, ಇಲ್ಲಿ ಕೂಡು.”

ಬಸ್ಸಿಗೆ ಬಸ್ಸೇ ನಗುತ್ತಿತ್ತು. ಕೆಳಗೆ ಅಕ್ಕನೂ ನಗುತ್ತಿದ್ದಳು. ನನಗೂ ನಗು ಒತ್ತರಿಸಿ ಬಂತು, ಬಲಗೈ ರೂಢಿಯಂತೆ ಏಳಲು ನೋಡಿತು. ಆದರೆ ಎರಡೂ ಕೈಗಳಲ್ಲಿ ಅಕ್ಕ ತುಂಬಿಕೊಟ್ಟ ಮಂಡಕ್ಕಿಯ ಚೀಲಗಳಿದ್ದವು. ಹಾಗೆಯೇ ನಕ್ಕೆ.