ಊಟಕ್ಕೂ ಬೆಂಕಿಗೂ ಒಂದೇ ಸೈರನ್

ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕಾರ್ಮಿಕರ ಸುರಕ್ಷತೆಯ ಏರ್ಪಾಡು ಸರಿಯಿದೆಯೇ ಎಂದು ನೋಡಲು ಹೋಗಿದ್ದೆ. ಹತ್ತಿಗೆ ಬೆಂಕಿ ಬಿದ್ದರೆ ಎಲ್ಲರೂ ಹೇಗೆ ಹೊರಗೆ ಬರುತ್ತಾರೆ, ತೋರಿಸಿ ಎಂದೆ. ಮಧ್ಯಾಹ್ನದ ಹೊತ್ತು. ಮ್ಯಾನೇಜರು ಸೈರನ್ ಹಾಕಿಸಿದರು. ಎರಡೇ ನಿಮಿಷಕ್ಕೆ ಎಲ್ಲರೂ ಬೇವಿನ ಮರದಡಿ ಸೇರಿದರು. ನಾನು ಭೇಷ್ ಎನ್ನುವಷ್ಟರಲ್ಲಿ ಒಬ್ಬೊಬ್ಬರೇ ಬುತ್ತಿ ಬಿಚ್ಚತೊಡಗಿದರು. ಊಟಕ್ಕೂ ಬೆಂಕಿಗೂ ಅಲ್ಲಿದ್ದದ್ದು ಅದೊಂದೇ ಸೈರನ್.

ಒಳಗೆ ಹೋಗಿ ನೋಡಿದರೆ ಗಂಗಮ್ಮ ಎಂಬ ಹಿರಿಯ ಕೆಲಸಗಾರ್ತಿ ಒಬ್ಬರೇ ಹತ್ತಿ ಆರಿಸುತ್ತ ಕೂತಿದ್ದರು.

“ನೀವ್ಯಾಕ ಹೊರಗೆ ಬರ್ಲಿಲ್ಲಮ್ಮ?” ಎಂದೆ.

“ಇವತ್ತು ಸೋಮವಾರ ಐತ್ರಿ. ನಂದು ಉಪವಾಸ.”

ನಗು ಬಂತು. ಆದರೆ ನಿಜಕ್ಕೂ ಬೆಂಕಿ ಬಿದ್ದಿದ್ದರೆ? ಬೆಂಕಿಗೆಂದೇ ಬೇರೆ ಗಂಟೆ ಹಾಕಿಸಿ, ಎಲ್ಲರಿಗೂ ತಿಳಿಹೇಳಿ, ಮುಂದಿನ ವಾರ ಮತ್ತೆ ಪರೀಕ್ಷಿಸಿದೆವು. ಈ ಸಲ ಗಂಗಮ್ಮನವರೇ ಎಲ್ಲರಿಗಿಂತ ಮೊದಲು ಹೊರಗೆ ಬಂದರು. ಯಾರಾದರೂ ಉಳಿದಿದ್ದಾರೆಯೇ ಎಂದು ನೋಡುತ್ತ ನಾನು ಗಡಿಯಾರ ಹಿಡಿದು ಒಳಗೇ ನಿಂತಿದ್ದೆ. ಆಕೆ ಬಾಗಿಲಿನಿಂದಲೇ ಕೂಗಿದರು.

“ಬರ್ರಿ ಸಾಹೇಬ್ರೆ, ನೀವು ಸುಟ್ಟು ಹೋದ್ರೆ ರಿಪೋರ್ಟ್ ಯಾರು ಬರೀತಾರ?”

ಅವತ್ತಿನ ಪರೀಕ್ಷೆಯಲ್ಲಿ ನಪಾಸಾದವನು ನಾನೊಬ್ಬನೇ. ರಿಪೋರ್ಟಿನಲ್ಲಿ ಮಾತ್ರ ಅದನ್ನು ಬರೆಯಲಿಲ್ಲ.