ಓಬಕ್ಕ ಕೂತು ಉಂಡ ದಿನ

ಹರಿಹರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಓಬಕ್ಕನ ಖಾನಾವಳಿ ಗುತ್ತೂರಿನ ಕಾರ್ಖಾನೆಗಳಿಗೆ ಹೋಗಿಬರುವವರಿಗೆಲ್ಲ ಗೊತ್ತು. ಗಂಡ ತೀರಿಕೊಂಡ ವರ್ಷ ಒಂದು ಬೆಂಚು, ಒಂದು ಒಲೆ ಇಟ್ಟುಕೊಂಡು ಶುರು ಮಾಡಿದ್ದು. ಈಗ ಅವಳ ತಲೆ ಪೂರ್ತಿ ನರೆತಿದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಅನ್ನ, ಸಾರು, ಭಾನುವಾರ ಕೋಳಿ. ಬಂದವರಿಗೆ ಸಾಕು ಸಾಕು ಎನ್ನುವಷ್ಟು ಬಡಿಸುತ್ತಾಳೆ. ಅವಳು ಮಾತ್ರ ಕೂತು ಉಂಡದ್ದನ್ನು ಯಾರೂ ಕಂಡವರಿಲ್ಲ. ಎಲ್ಲರದೂ ಮುಗಿದ ಮೇಲೆ ಒಲೆಕಟ್ಟೆಗೆ ಒರಗಿ ನಿಂತು, ಅಂಗೈಯಲ್ಲೇ ರೊಟ್ಟಿ ಮುರಿದು ತಿಂದರೆ ಅವಳ ಊಟ ಆಯಿತು.

ಸಾರಥಿಯಲ್ಲಿ ಬೇಸಾಯ ಮಾಡಿಕೊಂಡಿರುವ ಹನುಮೇಶ ಅವಳ ತಮ್ಮ. ಅವನ ಮಗಳು ಭವ್ಯಾ ರಜೆ ಬಂದರೆ ಅತ್ತೆಯ ಖಾನಾವಳಿ ಬಿಟ್ಟು ಕದಲುತ್ತಿರಲಿಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದ ಹುಡುಗಿ ಬ್ಯಾಂಕು ಸೇರುತ್ತಾಳೆಂದು ಅಪ್ಪ ಕಾದಿದ್ದರೆ, ಅವಳು ಅಡುಗೆಯ ಕೋರ್ಸು ಕಲಿತು ಬೆಂಗಳೂರಿನಲ್ಲಿ ಕೊರಿಯಾದವರ ಹೋಟೆಲೊಂದರ ಅಡುಗೆಮನೆ ಸೇರಿದಳು.

"ಮಂದಿಗೆ ಬೇಯ್ಸಿ ಹಾಕೋಕೆ ಕಾಲೇಜಿಗೆ ಕಳಿಸಿದ್ನಾ ನಾನು?" ಎಂದು ಹನುಮೇಶ ಅಕ್ಕನ ಒಲೆಯ ಮುಂದೆಯೇ ಕೂಗಾಡಿದ್ದ. ಮಂದಿಗೆ ಬೇಯಿಸಿ ಹಾಕಿಯೇ ಬದುಕಿದ ಓಬಕ್ಕ ಹಿಟ್ಟು ನಾದುತ್ತಲೇ ಇದ್ದಳು. ಅವತ್ತಿನಿಂದ ಅವನು ಮಗಳ ಜೊತೆ ಮಾತು ಬಿಟ್ಟ.

ವರ್ಷ ಕಳೆದ ಮೇಲೆ ಒಂದು ದಿನ ಭವ್ಯಾಳ ಫೋನು ಬಂತು.

"ಅತ್ತೆ, ಇಲ್ಲಿ ವರ್ಷ ಪೂರೈಸಿದವರು ಮನೆಯವರನ್ನ ಒಬ್ಬರನ್ನ ಊಟಕ್ಕೆ ಕರೀಬಹುದು. ಅಪ್ಪನ್ನ ಕರೆದೆ. ಫೋನ್ ಅವ್ವನ ಕೈಗೆ ಕೊಟ್ಟು ಎದ್ದು ಹೋದ್ರು. ನೀನಾದ್ರೂ ಬಾ."

"ಒಂದು ಊಟಕ್ಕೆ ಬೆಂಗಳೂರಿಗಾ? ಖಾನಾವಳಿ ಯಾರು ನೋಡ್ತಾರೆ?"

"ಕಮಲಕ್ಕ ಇಲ್ವಾ? ನಾ ಏನ್ ಕೆಲಸ ಮಾಡ್ತೀನಿ ಅಂತ ಒಬ್ರಾದ್ರೂ ನೋಡ್ಬೇಕಲ್ಲ ಅತ್ತೆ."

ಓಬಕ್ಕ ಸಹಾಯಕ್ಕಿದ್ದ ಕಮಲಕ್ಕನಿಗೆ ಒಲೆ ಒಪ್ಪಿಸಿ, ಮದುವೆ ಮುಂಜಿಗೆ ಉಡುವ ಹಸಿರು ಸೀರೆ ಉಟ್ಟು, ಮುಂಜಾನೆಯ ರೈಲು ಹತ್ತಿದಳು.

ಹೋಟೆಲಿನ ಬಾಗಿಲಲ್ಲಿ ಚಪ್ಪಲಿ ಬಿಡಲು ಹೊರಟವಳನ್ನು ಬಡಿಸುವ ಹುಡುಗಿ ತಡೆದು, ಕೈಹಿಡಿದು ಒಳಗೆ ಕರೆದೊಯ್ದಳು. ಒಳಗೆ ಮಬ್ಬು ಬೆಳಕು. ಗದ್ದಲವೆಂಬುದೇ ಇಲ್ಲ. ಉದ್ದನೆಯ ಒಂದೇ ಮರದ ಹಲಗೆಯ ಮುಂದೆ ಕೆಲವೇ ಕುರ್ಚಿ. ಹಲಗೆಯ ಆಚೆಗೇ ಅಡುಗೆಮನೆ. ಅಲ್ಲಿ ಬಿಳಿ ಅಂಗಿ ತೊಟ್ಟವರ ನಡುವೆ ಭವ್ಯಾ ಇದ್ದಳು. ಬಗ್ಗಿ, ಉಸಿರು ಬಿಗಿಹಿಡಿದು, ಚಿಮಟದಿಂದ ಒಂದು ಎಲೆಯನ್ನು ತಟ್ಟೆಯ ಮೇಲೆ ಇಡುತ್ತಿದ್ದಳು. ಅತ್ತೆಯ ಕಡೆ ತಿರುಗಲೂ ಇಲ್ಲ. ದೇವರಿಗೆ ಹೂ ಏರಿಸುವಾಗಲೂ ಇಷ್ಟು ಜೋಪಾನ ಮಾಡಿದವರನ್ನು ಓಬಕ್ಕ ಕಂಡಿರಲಿಲ್ಲ.

ಮೊದಲು ಬಂದದ್ದು ಒಂದು ಪುಟ್ಟ ಬಟ್ಟಲು. ಅದರಲ್ಲಿ ತಿಳಿನೀರು, ಆಚೆಯದು ಕಾಣುವಷ್ಟು ತೆಳ್ಳಗೆ ಹೆಚ್ಚಿದ ಮೂಲಂಗಿ.

"ಉಪ್ಪುನೀರಲ್ಲಿ ಹುಳಿ ಬರಿಸಿದ್ದು ಅಮ್ಮ. ಜಾಡಿಯಲ್ಲಿ ಬಹಳ ದಿನ ಇತ್ತು," ಎಂದಳು ಬಡಿಸುವ ಹುಡುಗಿ.

ಒಂದು ಗುಟುಕಿಗೆ ಹುಳಿ, ಉಪ್ಪು, ತಂಪು ಮೂರೂ ಒಟ್ಟಿಗೆ ನೆತ್ತಿಗೇರಿ ಕಣ್ಣು ನಿಚ್ಚಳವಾದವು. ಆಮೇಲೆ ಕುಂಬಳಕಾಯಿಯ ಗಂಜಿ, ನಾಲಗೆಗೆ ಸಿಗುವ ಮೊದಲೇ ಕರಗಿತು. ಮುಟ್ಟಿದರೆ ನಡುಗುವ ಮೊಟ್ಟೆ ಬಂತು. ಕೆಂಡದ ಮೇಲೆ ಸುಟ್ಟು ಎಲೆಯಲ್ಲಿ ಸುತ್ತಿದ ಮೀನು ಬಂತು. ಒಂದೊಂದೂ ಎರಡು ತುತ್ತಿನಷ್ಟೇ. ಇದರಿಂದ ಹೊಟ್ಟೆ ತುಂಬುವುದು ಹೇಗೆ ಎಂದು ಮೊದಲು ಅಂದುಕೊಂಡವಳು ಆಮೇಲೆ ಆ ಯೋಚನೆಯನ್ನೇ ಮರೆತಳು. ಎರಡು ತುತ್ತಿನ ಹಿಂದೆ ಎಷ್ಟು ಕೈ, ಎಷ್ಟು ದಿನ! ಪ್ರತಿ ಸಲ ತಟ್ಟೆ ಬದಲಾಗುವಾಗ ಮಾತ್ರ, ಇಷ್ಟು ಪಾತ್ರೆ ತೊಳೆಯುವ ಪುಣ್ಯಾತ್ಮರು ಯಾರೋ ಎಂದು ಮರುಗುತ್ತಿದ್ದಳು.

ಕಡೆಯಲ್ಲಿ ಭವ್ಯಾಳೇ ಹೊರಗೆ ಬಂದಳು. ಎರಡೂ ಕೈಯಲ್ಲಿ ಮುಚ್ಚಳ ಹಾಕಿದ ಕಲ್ಲಿನ ಪಾತ್ರೆ. ಅನ್ನ ಅವಳ ಪಾಲಿನ ಕೆಲಸವಂತೆ. ಅವಳು ಹತ್ತಿರ ಬರುತ್ತಿದ್ದಂತೆ ಓಬಕ್ಕ ಎದ್ದು ನಿಂತಳು.

"ಅಯ್ಯೋ ಅತ್ತೆ, ಯಾಕ ಎದ್ದೆ? ಕುಂತ್ಕ."

ಯಾಕೆ ಎದ್ದೆನೆಂದು ಓಬಕ್ಕನಿಗೂ ಗೊತ್ತಿರಲಿಲ್ಲ. ಭವ್ಯಾ ಮುಚ್ಚಳ ತೆಗೆದು, ಹಬೆಯಾಡುವ ಅನ್ನವನ್ನು ಬಟ್ಟಲಿಗೆ ತೋಡಿ ಕೊಟ್ಟಳು. ತಳ ಹಿಡಿದದ್ದನ್ನು ಪಾತ್ರೆಯಲ್ಲೇ ಬಿಟ್ಟು, ಅದರ ಮೇಲೆ ಬಿಸಿನೀರು ಹುಯ್ದು ಮುಚ್ಚಿದಳು.

"ಅನ್ನ ಉಂಡ ಮೇಲೆ ಈ ನೀರು ಕುಡೀಬೇಕು. ಆ ದೇಶದಾಗೆ ಊಟ ಮುಗಿಸೋದು ಇದರಿಂದಾನೇ."

"ತಳದ್ದಾ? ಬಂದವರಿಗೆಲ್ಲ ಕೊಡ್ತೀರಾ?"

"ಎಲ್ರಿಗೂ. ಕೇಳಿ ಕೇಳಿ ಕುಡೀತಾರೆ."

ಇಷ್ಟು ವರ್ಷ ಖಾನಾವಳಿಯ ಅನ್ನದ ತಪ್ಪೇಲಿಯ ತಳ ಕೆರೆದು, ಬಂದವರಿಗೆ ಬಡಿಸಬಾರದೆಂದು ಮಜ್ಜಿಗೆ ಹಾಕಿಕೊಂಡು ಓಬಕ್ಕ ತಾನೇ ಉಂಡಿದ್ದಳು. ಅದರ ಸೀದ ಕಂಪು ಅವಳಿಗೆ ಇಷ್ಟ. ಯಾರ ಮುಂದೂ ಹೇಳಿಕೊಂಡಿರಲಿಲ್ಲ. ಸಮುದ್ರದಾಚೆಯ ಯಾವುದೋ ನಾಡಿನ ಜನಕ್ಕೂ ಅದು ಇಷ್ಟವೆಂದು, ಅದನ್ನು ಎರಡು ಕೈಯಿಂದ ಮರ್ಯಾದೆಯಾಗಿ ಕೊಡುತ್ತಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅನ್ನ ಉಂಡು, ಭವ್ಯಾ ಬಗ್ಗಿಸಿಕೊಟ್ಟ ಆ ನೀರಿನ ಬಟ್ಟಲು ಬಾಯಿಗಿಟ್ಟವಳು ಅದು ಬರಿದಾಗುವವರೆಗೂ ಕೆಳಗಿಳಿಸಲಿಲ್ಲ. ಭವ್ಯಾ ಪಕ್ಕದಲ್ಲಿ ನಿಂತೇ ಇದ್ದಳು.

"ಹೆಂಗೈತೆ ಅತ್ತೆ?"

ಓಬಕ್ಕ ಅವಳ ಕೈ ಹಿಡಿದು ತಿರುಗಿಸಿ ನೋಡಿದಳು. ಮಣಿಕಟ್ಟಿನ ಮೇಲೆ ಸುಟ್ಟ ಕಲೆಗಳಿದ್ದವು, ತನ್ನ ಕೈಯಲ್ಲಿರುವಂಥವೇ. "ಚಲೋ ಕಲ್ತಿದೀಯವ್ವ," ಎಂದಳು.

ಮರುದಿನ ಹರಿಹರದಲ್ಲಿ ಇಳಿದವಳು ಖಾನಾವಳಿಗೆ ಹೋಗದೆ ಸೀದಾ ಸಾರಥಿಯ ಬಸ್ಸು ಹತ್ತಿದಳು. ಹನುಮೇಶ ಹಗ್ಗ ಹೊಸೆಯುತ್ತ ಕೂತಿದ್ದ. ಅವನ ಹೆಂಡತಿ ಪ್ರೇಮಲತಾ ನೀರು ತಂದು ಕೊಟ್ಟು, ಅಲ್ಲೇ ಕಂಬಕ್ಕೆ ಒರಗಿದಳು. ಓಬಕ್ಕ ಬಟ್ಟಲು ಬಟ್ಟಲಾಗಿ ಎಲ್ಲವನ್ನೂ ಹೇಳುತ್ತ ಹೋದಳು. ಹನುಮೇಶ ಹಗ್ಗದಿಂದ ತಲೆ ಎತ್ತಲಿಲ್ಲ.

"ಅವಳು ಅನ್ನ ಹಿಡ್ಕಂಡು ಬಂದಾಗ ನಾನು ಎದ್ದು ನಿಂತೆ ಕಣೋ."

ಹೊಸೆಯುತ್ತಿದ್ದ ಕೈ ನಿಂತಿತು. "ನೀನಾ? ಭವ್ಯಾಗಾ?"

"ಹೂಂ. ನಂಗೇ ಗೊತ್ತಾಗ್ಲಿಲ್ಲ. ಕಾಲು ತಾವೇ ಎದ್ವು."

ಅವನು ಹಗ್ಗವನ್ನು ಪಕ್ಕಕ್ಕಿಟ್ಟ. "ಅವತ್ತು ನಿನ್ನ ಒಲೆ ಮುಂದೆ ಏನೇನೋ ಅಂದೆ," ಎಂದ, ತಗ್ಗಿದ ದನಿಯಲ್ಲಿ.

"ಅಂದೆ," ಎಂದಳು ಓಬಕ್ಕ. "ಈಗ ನನ್ನ ಹತ್ರ ಹೇಳಿದ್ದು ಸಾಕು. ಅವಳ ಹತ್ರ ಮಾತಾಡು."

ಹನುಮೇಶ ಫೋನು ತೆಗೆದುಕೊಂಡು ಹಿತ್ತಿಲ ಕಡೆ ಹೋದ. ಏನು ಮಾತಾಡಿದನೋ ಇವರಿಗೆ ಕೇಳಿಸಲಿಲ್ಲ. ಬೇಗ ತಿರುಗಿ ಬರಲಿಲ್ಲವೆಂಬುದಷ್ಟೇ ಗೊತ್ತು. ಪ್ರೇಮಲತಾ ಕಣ್ಣೊರೆಸಿಕೊಂಡು ಓಬಕ್ಕನ ಹತ್ತಿರ ಸರಿದು ಕೂತಳು.

"ಆ ನಡುಗೋ ಮೊಟ್ಟೆ ಅಂದ್ರಲ್ಲ ಅಕ್ಕ, ಅದು ಹೆಂಗಿತ್ತು, ಇನ್ನೊಂದ್ಸಲ ಹೇಳ್ರಿ."