ಬಿಳಿ ಎದೆ, ಕಪ್ಪು ಪಟ್ಟಿ

ಬಾಳೆಲೆಯ ಮೇಲಿದ್ದ ಹುರಿದ ಬಂಗುಡೆ ಮೀನಿನ ಬಾಲ ಕರಕಲಾಗಿತ್ತು. ಅಪ್ಪನಿಗೆ ಹಾಗೆಯೇ ಬೇಕಿತ್ತು. ಅದಕ್ಕೆಂದೇ ಅಮ್ಮ ಅದನ್ನು ಕಾವಲಿಯಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದಳು.

ಸತ್ತವರು ಹಕ್ಕಿಯಾಗಿ ಬಂದು ಉಣ್ಣುತ್ತಾರೆ ಎಂಬುದನ್ನು ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಾನು ಓದಿದ್ದು ಪ್ರಾಣಿಶಾಸ್ತ್ರ, ಕೆಲಸ ಮಣಿಪಾಲದಲ್ಲಿ, ರಜೆ ಸಿಕ್ಕರೆ ಹಕ್ಕಿ ನೋಡಲು ಹೋಗುತ್ತೇನೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ, ಕಾಪುವಿನ ನಮ್ಮ ಮನೆಯಲ್ಲಿ ಅಪ್ಪನ ಬೊಜ್ಜ, ಅಂದರೆ ಉತ್ತರಕ್ರಿಯೆ. ಅಪ್ಪ ದೋಣಿಯಲ್ಲಿ ದುಡಿದವರು. ನಮ್ಮಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ ಅಂಗಳದಲ್ಲಿ ಇಡುತ್ತಾರೆ. ಕಾಗೆ ಮುಟ್ಟಿದ ಮೇಲೆಯೇ ಮನೆಯವರ ಊಟ. ಅಂದು ಮಧ್ಯಾಹ್ನ ಕಳೆದರೂ ಒಂದು ಕಾಗೆಯೂ ಬರಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

"ಭಾವ ಬದುಕಿದ್ದಾಗಲೇ ಕರೆದ ಹೊತ್ತಿಗೆ ಊಟಕ್ಕೆ ಬಂದವರಲ್ಲ. ಈಗ ಬರ್ತಾರಾ?" ಎಂದರು ಸೋದರಮಾವ. ಯಾರೋ ನಕ್ಕರು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ತಲೆ ಎತ್ತಿದಾಗ, ಸಿಡಿಲು ಬಡಿದು ಬೋಳಾಗಿದ್ದ ತೆಂಗಿನ ತುದಿಯಲ್ಲಿ ಅದು ಕೂತಿತ್ತು. ಬಿಳಿ ಎದೆ, ಕಣ್ಣಿನ ಮೇಲೆ ಹಾದುಹೋದ ಕಪ್ಪು ಪಟ್ಟಿ. ಮೀನುಡೇಗೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಬೇಟೆಹಕ್ಕಿ. ನಮ್ಮ ತೀರದಲ್ಲಿ ನಾನು ಅದನ್ನು ಅದುವರೆಗೆ ಕಂಡಿರಲಿಲ್ಲ. ಕಾಗೆಗಳು ಬಾರದಿರಲು ಇದೇ ಕಾರಣ, ಇದನ್ನು ಓಡಿಸಿದರೆ ಅಮ್ಮ ಉಣ್ಣುತ್ತಾಳೆ ಎಂದುಕೊಂಡೆ. ಚಪ್ಪಾಳೆ ತಟ್ಟಿದೆ. ಅದು ಎದ್ದು ಉತ್ತರಕ್ಕೆ ಹಾರಿತು. ದುರ್ಬೀನು ಕೊರಳಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಅದು ಮರಳಿ ಬಾರದಂತೆ ನೋಡಿಕೊಳ್ಳುವುದು ನೆಪವಾಗಿತ್ತು. ನಿಜವೆಂದರೆ ಆ ಅಂಗಳದಲ್ಲಿ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ.

ಕಡಲ ಬದಿಯ ರಸ್ತೆಯುದ್ದಕ್ಕೂ ಅದು ಹಾರುವುದು, ಕೂರುವುದು, ನಾನು ಹತ್ತಿರವಾದರೆ ಮತ್ತೆ ಹಾರುವುದು. ಕೊನೆಗೆ ಮನೆಯಿಂದ ಕೆಲವು ಕಿಲೋಮೀಟರ್ ದೂರದ ಮಟ್ಟುವಿನಲ್ಲಿ, ಹೊಳೆಯ ಪಕ್ಕದ ಕರೆಂಟು ಕಂಬದ ಮೇಲೆ ನೆಲೆಯಾಗಿ ಕೂತಿತು. ಹಕ್ಕಿ ನೋಡುವ ನಮ್ಮ ಗುಂಪಿಗೆ ಒಂದು ಸಂದೇಶ ಕಳಿಸಿದೆ. ಆಮೇಲೆ ದುರ್ಬೀನಿನಲ್ಲಿ ಅದನ್ನೇ ನೋಡುತ್ತ ನಿಂತೆ. ಆಗ ಮಾವನ ಫೋನ್ ಬಂತು.

"ಎಲ್ಲಿದ್ದಿ ಮಾರಾಯ್ತಿ? ಎಲೆಯಿಂದ ಮೀನು ಹೋಯ್ತು, ಈಗಷ್ಟೇ! ಕಾಗೆ ಅಲ್ಲ, ದೊಡ್ಡ ಹಕ್ಕಿ. ಎದೆ ಬಿಳಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಹಾಗೆ ಉಂಟು. ಅಕ್ಕ ಮಾತ್ರ ಕಾಗೆ ಬಾರದೆ ಉಣ್ಣುವುದಿಲ್ಲ ಅಂತ ಕೂತಿದ್ದಾಳೆ."

ಕಂಬದ ಮೇಲಿನ ಹಕ್ಕಿ ಕೊಕ್ಕಿನಿಂದ ರೆಕ್ಕೆಯ ಗರಿ ತೀಡಿಕೊಳ್ಳುತ್ತಿತ್ತು. ಅದರ ಕಾಲಲ್ಲಿ ಏನೂ ಇರಲಿಲ್ಲ.

ಅಮ್ಮ ಫೋನ್ ತೆಗೆದುಕೊಂಡಳು. "ಮಗಾ, ನಿನಗೆ ಹಕ್ಕಿಯ ವಿಷಯ ಗೊತ್ತುಂಟಲ್ಲ. ಇದು ಬಂದರೆ ಆಗ್ತದಾ?"

ಮೀನುಡೇಗೆ ತಿನ್ನುವುದು ತಾನೇ ನೀರಿನಿಂದ ಹಿಡಿದ ಮೀನನ್ನು. ಅದು ಜನರ ನಡುವೆ ಇಳಿದು ಹುರಿದ ಬಂಗುಡೆ ಒಯ್ದದ್ದನ್ನು ನಾನು ಎಲ್ಲಿಯೂ ಓದಿಲ್ಲ.

"ಆಗ್ತದೆ ಅಮ್ಮ. ಊಟ ಮಾಡು," ಎಂದೆ.

ಆ ಕಡೆ ತಟ್ಟೆಯ ಸದ್ದು ಕೇಳಿಸಿತು.

ಎರಡು ಹಕ್ಕಿಗಳು ಇದ್ದಿರಬಹುದು, ಆದರೆ ಎರಡನೆಯದಾದರೂ ಹುರಿದ ಮೀನಿಗೆ ಇಳಿಯುವುದೇಕೆ? ಮಾವ ಕಂಡದ್ದು ಗರುಡನೂ ಆಗಿರಬಹುದು. ಅದರ ಎದೆಯೂ ಬಿಳಿಯೇ. ಆದರೆ ಗರುಡನಿಗೆ ಆ ಪಟ್ಟಿ ಇಲ್ಲ, ಮೇಲಾಗಿ ಮಾವ ದಿನವೂ ಗರುಡನನ್ನು ನೋಡುವವರು. ಇವನ್ನೆಲ್ಲ ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಯಾವುದೂ ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಗುಂಪಿನ ಗೆಳತಿಯೊಬ್ಬಳು ಕ್ಯಾಮೆರಾ ಹಿಡಿದು ಉಡುಪಿಯಿಂದ ಬಂದಳು. ಅವಳನ್ನು ಮಟ್ಟುವಿಗೆ ಕರೆದುಕೊಂಡು ಹೋಗಿ ಕಂಬ ತೋರಿಸಿದೆ. ಖಾಲಿ ಇತ್ತು.

"ಎಷ್ಟಿತ್ತು? ಜೋಡಿ ಇತ್ತಾ ಎಂತ?" ಎಂದು ಕೇಳಿದಳು.

"ಒಂದೇ," ಎಂದೆ.